ಗೋಡೆಗೆ ಹಾಕಿದ ಹೊಲ

ಕಾರ್ಖಾನೆಯನ್ನು ಊರಾಚೆಗೆ ಸಾಗಿಸುತ್ತೇವೆ, ಬರುವವರು ಬರಬಹುದು ಎಂದು ಮಾಲೀಕರು ಹೇಳಿದಾಗ ನನಗೆ ನಲವತ್ತೊಂಬತ್ತು ವರ್ಷ. ಸುಂಕದಕಟ್ಟೆಯ ಆ ಗಾರ್ಮೆಂಟ್ಸ್‌ನಲ್ಲಿ ನಾನು ಹದಿನೆಂಟು ವರ್ಷ ಚೆಕರ್ ಆಗಿದ್ದೆ. ಹೊಲಿದು ಬಂದ ಶರ್ಟನ್ನು ಮೇಜಿನ ಮೇಲೆ ಹರಡಿ, ಹೊಲಿಗೆ ಬಿಟ್ಟ ಕಡೆ, ಕಾಲರ್ ಸೊಟ್ಟಗಾದ ಕಡೆ ಬಾಣದ ಗುರುತಿನ ಪುಟ್ಟ ಕೆಂಪು ಸ್ಟಿಕ್ಕರ್ ಅಂಟಿಸಿ ವಾಪಸ್ ಕಳಿಸುವುದು ನನ್ನ ಕೆಲಸ. ಎದುರಿಗಿದ್ದ ಹುಡುಗಿಯರು ನನ್ನನ್ನು ಕಂಡರೆ ಮುಖ ತಿರುಗಿಸುತ್ತಿದ್ದರು. ತಪ್ಪು ಹುಡುಕುವವಳನ್ನು ಯಾರು ಇಷ್ಟಪಡುತ್ತಾರೆ. ಹೊಸ ಜಾಗಕ್ಕೆ ಎರಡು ಬಸ್ಸು ಬದಲಿಸಬೇಕಿತ್ತು, ನಿಂತು ನಿಂತು ಮಂಡಿಯೂ ಸವೆದಿತ್ತು. ಕೆಲಸ ಬಿಟ್ಟೆ.

ಬ್ಯಾಡರಹಳ್ಳಿಯ ನಮ್ಮ ಮನೆಯಲ್ಲಿ ನಾವು ಮೂವರು. ನನ್ನ ಯಜಮಾನರು ಒಂದು ವರ್ಕ್‌ಶಾಪಿನಲ್ಲಿ ಲೇತ್ ಕೆಲಸ ಮಾಡುತ್ತಾರೆ. ಮಗಳು ಮದುವೆಯಾಗಿ ಕೆಂಗೇರಿಯಲ್ಲಿದ್ದಾಳೆ. ಉಳಿದವರು ಅತ್ತೆ, ಎಂಬತ್ತರ ಹತ್ತಿರದವರು. ಹದಿನೆಂಟು ವರ್ಷ ನಾನು ಬೆಳಗ್ಗೆ ಊಟದ ಡಬ್ಬಿ ಹಿಡಿದು ಹೊರಟರೆ ಮನೆ ಸೇರುವಾಗ ದೀಪ ಹಚ್ಚಿರುತ್ತಿತ್ತು. ಅತ್ತೆಗೂ ನನಗೂ ಜಗಳವಿರಲಿಲ್ಲ, ಮಾತೂ ಇರಲಿಲ್ಲ. ಈಗ ಇಡೀ ದಿನ ಒಂದೇ ಮನೆಯಲ್ಲಿ ಇಬ್ಬರೂ. ಹಾಲು ಬಂತಾ, ಬಿಸಿಲಿಗೆ ಬಟ್ಟೆ ಹಾಕಿದ್ಯಾ, ಇಷ್ಟಕ್ಕೆ ನಮ್ಮ ಸಂಭಾಷಣೆ ಮುಗಿಯುತ್ತಿತ್ತು.

ಅದೇ ಸಮಯಕ್ಕೆ ನನಗೊಂದು ಹಲ್ಲುನೋವು ಬಂತು. ಬಸವೇಶ್ವರನಗರದ ಒಬ್ಬ ಹಲ್ಲಿನ ಡಾಕ್ಟರ ಹತ್ತಿರ ಹೋಗಿ ಸರದಿಗೆ ಕಾಯುತ್ತಾ ಕೂತಿದ್ದೆ. ಎದುರು ಗೋಡೆಯ ಮೇಲೆ ಬಟ್ಟೆಯಲ್ಲಿ ಮಾಡಿದ ಒಂದು ಮರ ನೇತುಹಾಕಿದ್ದರು. ಚೂರು ಬಟ್ಟೆಗಳ ಎಲೆ, ಅದರ ಮೇಲೆಲ್ಲ ಕೌದಿಗೆ ಹಾಕುವಂಥ ಕೈಹೊಲಿಗೆ. ಅಭ್ಯಾಸಬಲ, ಎದ್ದು ಹೋಗಿ ತಪ್ಪು ಹುಡುಕಿದೆ. ಹೊಲಿಗೆ ಒಂದು ಉದ್ದ, ಒಂದು ಗಿಡ್ಡ. ಅಂಚು ಮಡಿಚಿಯೇ ಇರಲಿಲ್ಲ, ನೂಲು ಎದ್ದಿತ್ತು. ಕಾರ್ಖಾನೆಯಲ್ಲಾಗಿದ್ದರೆ ಇಪ್ಪತ್ತು ಸ್ಟಿಕ್ಕರ್ ಅಂಟಿಸುತ್ತಿದ್ದೆ. ಆದರೆ ನೂಲು ಎದ್ದಿದ್ದ ಕಡೆಯೇ ಮರದ ತೊಗಟೆ ತೊಗಟೆಯ ಹಾಗೆ ಕಾಣುತ್ತಿತ್ತು. ನರ್ಸ್ ಎರಡು ಸಲ ಕರೆದರಂತೆ, ನನಗೆ ಕೇಳಿಸಲೇ ಇಲ್ಲ.

ಮಗಳಿಗೆ ಹೇಳಿದೆ. ಅವಳು ಫೋನಿಗೆ ಒಂದಷ್ಟು ವಿಡಿಯೋ ಕಳಿಸಿದಳು. ಬಟ್ಟೆಯ ಮಡಿಕೆಯೊಳಗೆ ಹಸಿ ಎಲೆಯಿಟ್ಟು ಸುತ್ತಿಗೆಯಲ್ಲಿ ಕುಟ್ಟಿದರೆ ಎಲೆಯ ಅಚ್ಚು ಬಟ್ಟೆಗೆ ಇಳಿಯುತ್ತದೆ ಎಂದು ಒಬ್ಬಳು ತೋರಿಸಿದ್ದಳು. ಮನೆ ಮುಂದಿನ ಹೊಂಗೆ ಮರದ ಎಳೆ ಎಲೆ ಕಿತ್ತು, ಹಳೆಯ ಬಿಳಿ ಪಂಚೆ ಹರಿದು, ಟೆರೇಸಿನಲ್ಲಿ ಕೂತು ಕುಟ್ಟಿದೆ. ಅತ್ತೆ ಮೆಟ್ಟಿಲ ಬಾಗಿಲಲ್ಲಿ ನಿಂತು ನೋಡಿದರು.

"ಏನ್ ಮಾಡ್ತಾ ಇದೀಯೆ?"

"ಕೌದಿ ಥರ ಒಂದು ಮಾಡಣ ಅಂತ."

"ಹೊದ್ಕೊಳಕ್ಕಾ?"

"ಇಲ್ಲ ಅತ್ತೆ, ಗೋಡೆಗೆ ಹಾಕಕ್ಕೆ."

ಅವರು ಕೇಳಿದರು. "ಗೋಡೆಗೆ ಚಳಿನಾ?"

ನನಗೆ ನಗು ತಡೆಯಲಾಗಲಿಲ್ಲ. ಅತ್ತೆ ನಗಲಿಲ್ಲ, ಆದರೆ ಕೆಳಗೂ ಹೋಗಲಿಲ್ಲ. ಅಲ್ಲೇ ಮೆಟ್ಟಿಲ ಮೇಲೆ ಕೂತರು.

ಹಸಿರು ಅಚ್ಚು ಚೆನ್ನಾಗಿಯೇ ಬಂತು. ಚೌಕ ಚೌಕವಾಗಿ ಕತ್ತರಿಸಿ, ಜೋಡಿಸಿ, ನಡುವೆ ಹಳೆಯ ಬೆಡ್‌ಶೀಟ್ ಇಟ್ಟು ಹೊಲಿದು, ನಡುಮನೆಯ ಗೋಡೆಗೆ ಹಾಕಿದೆ. ಮೂರು ವಾರಕ್ಕೆ ಹಸಿರು ಹಳದಿಯಾಯಿತು, ಆಮೇಲೆ ಚಹಾ ಚೆಲ್ಲಿದ ಕಲೆಯ ಹಾಗಾಯಿತು. ಕಿಟಕಿಯ ಬಿಸಿಲು ಬೀಳುವ ಕಡೆ ಏನೂ ಉಳಿಯಲಿಲ್ಲ. ಬಿಚ್ಚಿ ಮಡಿಸುತ್ತಿದ್ದಾಗ ಅತ್ತೆ ಅಂದರು, "ಎಲೆ ಹಸಿರು ನಿಲ್ಲಲ್ಲ ಕಣೆ. ನಿಲ್ಲೋದು ಕರೆ. ಬಾಳೆಕಾಯಿ ಹೆಚ್ಚುವಾಗ ಸೀರೆ ಮೇಲೆ ಬಿದ್ದಿದ್ದು ಹೋಗುತ್ತಾ? ಕಬ್ಬಿಣದ ಬಾಂಡ್ಲೀಲಿ ನೆಲ್ಲಿಕಾಯಿ ಬೇಯಿಸಿದ್ರೆ ಕಪ್ಪಾಗುತ್ತಲ್ಲ, ಆ ಕಪ್ಪು ಕೈ ಬಿಟ್ಟು ಹೋಗುತ್ತಾ?"

ಹೌದಲ್ಲ ಅನ್ನಿಸಿತು. ಹದಿನೆಂಟು ವರ್ಷ ಕಲೆ ಬಿದ್ದ ಬಟ್ಟೆಯನ್ನು ಪಕ್ಕಕ್ಕೆ ಎಸೆದಿದ್ದ ನಾನು, ಯಾವ ಕಲೆ ಹೋಗುವುದಿಲ್ಲ ಎಂದು ಅತ್ತೆಯ ಎದುರು ಕೂತು ಒಂದೊಂದಾಗಿ ಕೇಳಿಕೊಂಡೆ. ಗೋಡಂಬಿ ಹಣ್ಣಿನ ರಸ, ದಾಳಿಂಬೆ ಸಿಪ್ಪೆ, ಅಳಲೆಕಾಯಿ. ಮಗಳು ಫೋನಿನಲ್ಲಿ ಹುಡುಕಿ, ಅಳಲೆಕಾಯಿಯ ಒಗರು ನೀರೂ ಕಬ್ಬಿಣದ ನೀರೂ ಬಟ್ಟೆಯ ಮೇಲೆ ಸೇರಿದರೆ ಗಟ್ಟಿ ಕಪ್ಪಾಗುತ್ತದೆ ಎಂದು ತಿಳಿಸಿದಳು. ಗಿಡಮೂಲಿಕೆ ಮಾರುವ ಗ್ರಂಧಿಗೆ ಅಂಗಡಿಯಿಂದ ಅಳಲೆಕಾಯಿ ತಂದೆ. ಯಜಮಾನರು ಲೇತಿನ ಕಬ್ಬಿಣದ ಚೂರನ್ನು ಒಂದು ಡಬ್ಬಿಯಲ್ಲಿ ತಂದುಕೊಟ್ಟರು. ಅದನ್ನು ಬೆಲ್ಲದ ನೀರಿನಲ್ಲಿ ನೆನೆಹಾಕಿ ಹದಿನೈದು ದಿನ ಟೆರೇಸಿನ ಮೂಲೆಯಲ್ಲಿಟ್ಟೆ. ವಾಸನೆಗೆ ಕೆಳಗಿನ ಬಾಡಿಗೆ ಮನೆಯವರು ಬಂದು, "ಆಂಟಿ, ಟ್ಯಾಂಕಲ್ಲಿ ಏನಾದ್ರೂ ಸತ್ತಿದೆಯಾ ನೋಡಿ" ಅಂದರು.

ಪಕ್ಕದ ಖಾಲಿ ಸೈಟಿನಲ್ಲಿ ಹರಳು ಗಿಡ ತಾನಾಗಿಯೇ ಬೆಳೆದಿತ್ತು. ಅದರ ದೊಡ್ಡ ಎಲೆಗಳನ್ನು ಕಬ್ಬಿಣದ ನೀರಿನಲ್ಲಿ ಅದ್ದಿ, ಅಳಲೆಕಾಯಿ ನೀರು ಕುಡಿದ ಬಟ್ಟೆಯ ಮೇಲೆ ಹರಡಿ, ಹಳೆಯ ಲಟ್ಟಣಿಗೆಗೆ ಬಿಗಿಯಾಗಿ ಸುತ್ತಿ, ದಾರ ಕಟ್ಟಿ, ಬಳಸದೆ ಬಿಟ್ಟಿದ್ದ ಇಡ್ಲಿ ಪಾತ್ರೆಯಲ್ಲಿ ಹಬೆಯಲ್ಲಿ ಬೇಯಿಸಿದೆ. ತಣ್ಣಗಾದ ಮೇಲೆ ಟೆರೇಸಿನಲ್ಲಿ ದಾರ ಬಿಚ್ಚುವಾಗ ಅತ್ತೆ ಪಕ್ಕದಲ್ಲೇ ಇದ್ದರು. ಎಲೆಯನ್ನು ಎತ್ತಿದೆ. ಕೆಳಗೆ ಇನ್ನೊಂದು ಎಲೆ, ಬೂದುಗಪ್ಪು ಬಣ್ಣದ್ದು, ಒಂದೊಂದು ನರವೂ ಎದ್ದು ಕಾಣುವಂತೆ. ಹುಳು ತಿಂದ ತೂತು ಕೂಡ ಹಾಗೇ ಬಂದಿತ್ತು.

ಅತ್ತೆ ಬೆರಳಿನಿಂದ ನರದ ಗುಂಟ ಸವರಿದರು. "ಹರಳು. ಇದನ್ನ ರಾಗಿ ಜೊತೆ ಅಕ್ಕಡಿ ಸಾಲಲ್ಲಿ ಹಾಕ್ತಿದ್ವಿ."

"ಎಲ್ಲಿ ಅತ್ತೆ?"

"ಎಲ್ಲಿ ಅಂದ್ರೆ? ಇಲ್ಲೇ. ನೀನು ಕೂತಿದೀಯಲ್ಲ, ಇದರ ಕೆಳಗೆ."

ಮದುವೆಯಾಗಿ ಬಂದಾಗಲೇ ಇಲ್ಲಿ ಸೈಟುಗಳಾಗಿದ್ದವು. ನಮ್ಮ ಮನೆ ಅತ್ತೆಯ ರಾಗಿ ಹೊಲದ ಮೇಲೆ ನಿಂತಿದೆ ಎಂದು ನನಗೆ ಗೊತ್ತಿತ್ತು, ಆದರೆ ಒಂದು ಸಲವೂ ಕೇಳಿರಲಿಲ್ಲ. ಅಂದು ಕೇಳಿದೆ. ರಾಗಿಯ ನಡುವೆ ಎಷ್ಟು ಸಾಲಿಗೊಂದು ಅವರೆ ಬಿತ್ತುತ್ತಿದ್ದರು, ಹರಳು ಯಾವ ಅಂಚಿಗೆ, ಹುಚ್ಚೆಳ್ಳು ಹೂ ಬಿಟ್ಟಾಗ ಯಾವ ಮೂಲೆ ಹಳದಿಯಾಗುತ್ತಿತ್ತು, ಬಾವಿ ಎಲ್ಲಿತ್ತು, ಅದರ ಪಕ್ಕದ ಹುಣಸೆ ಮರ ಯಾವ ಕಡೆ ವಾಲಿತ್ತು. ಹೇಳುತ್ತಾ ಹೇಳುತ್ತಾ ಅತ್ತೆಯ ಕೈ ನೆಲದ ಮೇಲೆ ಗೆರೆ ಎಳೆಯುತ್ತಿತ್ತು. ನಾನು ಬಳಪ ಕೊಟ್ಟೆ. ಟೆರೇಸಿನ ಮೇಲೆ ಹೊಲದ ನಕ್ಷೆ ಮೂಡಿತು.

ಆ ಹೊಲವನ್ನೇ ಹೊಲಿಯಲು ಹೊರಟೆ. ಒಬ್ಬರು ಮಲಗುವಷ್ಟು ಉದ್ದಗಲದ ಬಟ್ಟೆ. ಅಂಗಡಿಯ ಕಂದು ಬಟ್ಟೆಯನ್ನು ನೆಲವಾಗಿ ಹಾಸಿ, ಅಂಚಿಗೆ ಹರಳೆಲೆಯ ಅಚ್ಚುಗಳನ್ನು ಕೂರಿಸಿ, ರಾಗಿ ಸಾಲುಗಳನ್ನು ಹಸಿರು ದಾರದ ಕೈಹೊಲಿಗೆಯಲ್ಲಿ ಮೇಲಿನಿಂದ ಕೆಳಕ್ಕೆ ನೇರವಾಗಿ ಹಾಕಿದೆ. ಅಳತೆಪಟ್ಟಿ ಇಟ್ಟು ನೋಡಿದರೂ ಒಂದು ಸಾಲು ಸರಿದಿರಲಿಲ್ಲ. ಅತ್ತೆಗೆ ಆ ವಾರಗಳಲ್ಲಿ ಜ್ವರ ಬಿಟ್ಟು ಬಿಟ್ಟು ಕಾಡುತ್ತಿತ್ತು, ಟೆರೇಸಿಗೆ ಬರುತ್ತಿರಲಿಲ್ಲ. ಮುಕ್ಕಾಲು ಭಾಗ ಮುಗಿಸಿ, ಹೆಮ್ಮೆಯಿಂದ ಅವರ ಮಂಚದ ಮೇಲೆ ಹರಡಿದೆ.

ಬಹಳ ಹೊತ್ತು ನೋಡಿದರು. "ಬಾವಿ ಯಾವ ಕಡೆ?"

ತೋರಿಸಿದೆ.

"ಅಂಗಾದ್ರೆ ಇಳಿಜಾರು ಇತ್ತ. ನೀನು ನೀರು ಇಳಿಯೋ ಕಡೇಗೆ ಸಾಲು ಹೊಡ್ದಿದೀಯ. ಒಂದ್ ಮಳೆ ಬಂದ್ರೆ ಮಣ್ಣೆಲ್ಲ ಕೊಚ್ಕೊಂಡು ಹೋಗುತ್ತೆ ಕಣವ್ವ."

"ಅತ್ತೆ, ಇದು ಬಟ್ಟೆ."

"ಬಟ್ಟೆನೇ. ಆದ್ರೆ ಇದು ನಮ್ ಹೊಲ ಅಂದ್ಯಲ್ಲ?" ಆಮೇಲೆ, ನನ್ನ ಮುಖ ನೋಡಿಯೋ ಏನೋ, "ಬುಡು, ಚೆನ್ನಾಗೈತೆ" ಅಂದು ಗೋಡೆಯ ಕಡೆ ತಿರುಗಿ ಮಲಗಿದರು.

ಸಿಟ್ಟು ಬಂತು. ಅಡುಗೆಮನೆಗೆ ಹೋಗಿ ಪಾತ್ರೆಗಳನ್ನು ಸದ್ದು ಮಾಡಿ ತೊಳೆದೆ. ಆರು ವಾರದ ಕೆಲಸ. ಹುಡುಗಿಯರು ನನ್ನ ಮೇಜಿನಿಂದ ಪೀಸು ವಾಪಸ್ ಎತ್ತಿಕೊಂಡು ಹೋಗುವಾಗ ಅವರಿಗೆ ಹೇಗಾಗುತ್ತಿತ್ತು ಎಂದು ನಾನು ಆವತ್ತಿನ ತನಕ ಯೋಚಿಸಿರಲಿಲ್ಲ. ಮಾರನೆಯ ದಿನ ಟೆರೇಸಿಗೆ ಹೋಗಿ, ಕತ್ತರಿಯ ತುದಿಯಿಂದ ಮೊದಲ ಸಾಲು ಬಿಚ್ಚಿದೆ. ಬಿಚ್ಚಲು ಎಂಟು ದಿನ ಹಿಡಿಯಿತು. ಮೂರನೆಯ ದಿನ ಜ್ವರ ಬಿಟ್ಟ ಅತ್ತೆ ಬಂದು ಪಕ್ಕ ಕೂತು, ಬಿಚ್ಚಿದ ದಾರಗಳನ್ನು ಒಂದು ಉಂಡೆಗೆ ಸುತ್ತತೊಡಗಿದರು.

ಆ ಭಾನುವಾರ ನನ್ನ ಭಾವ ಬಂದರು, ಯಜಮಾನರ ಅಣ್ಣ. ಆರು ವರ್ಷದ ಹಿಂದೆ ಉಳಿದ ಸೈಟುಗಳು ಭಾಗವಾದಾಗ, ಹೊಲದ ಹಳೆಯ ಬದು ಎಲ್ಲಿತ್ತು ಎಂಬುದರ ಮೇಲೆ ಅಣ್ಣ ತಮ್ಮಂದಿರಿಗೆ ಮಾತು ಬಂದಿತ್ತು. ಅಂದಿನಿಂದ ಭಾವ ನಮ್ಮ ಹೊಸ್ತಿಲು ದಾಟಿರಲಿಲ್ಲ. ಎರಡು ಬೀದಿಯಾಚೆ ಇದ್ದರೂ ಗೇಟಿನಲ್ಲೇ ನಿಂತು ಅಮ್ಮನನ್ನು ಕರೆದು ಮಾತಾಡಿಸಿ ಹೋಗುತ್ತಿದ್ದರು. ಅಂದು ಅವರೆಕಾಯಿಯ ಚೀಲ ಹಿಡಿದು ಕೂಗಿದರು. ಅತ್ತೆ ಟೆರೇಸಿನಿಂದಲೇ, "ಮಂಡಿ ನೋವು ಕಣೋ, ಇಳಿಯಕ್ಕಾಗಲ್ಲ. ನೀನೇ ಬಾ" ಅಂದರು. ಅವರು ಬರಲಾರರು ಎಂದುಕೊಂಡೆ. ಮೆಟ್ಟಿಲ ಮೇಲೆ ಚಪ್ಪಲಿಯ ಸದ್ದು ಕೇಳಿತು.

ಯಜಮಾನರು ಟ್ಯಾಂಕ್ ತೊಳೆಯುತ್ತಿದ್ದವರು ಅಲ್ಲೇ ನಿಂತರು. ಭಾವ ಯಾರ ಮುಖವನ್ನೂ ನೋಡದೆ ನೆಲದ ಮೇಲೆ ಹರಡಿದ್ದ ಬಟ್ಟೆಯನ್ನು ನೋಡಿದರು. ಬಾವಿ, ಹುಣಸೆ ಮರ, ಹರಳಿನ ಅಂಚು, ಬದು. ಕುಕ್ಕರಗಾಲಿನಲ್ಲಿ ಕೂತರು.

"ನಮ್ ಹೊಲ ಅಲ್ವೇನಮ್ಮ ಇದು?" ಆಮೇಲೆ ಬೆರಳಿಟ್ಟು, "ಬದು ಇಲ್ಲಿ ಬರಲ್ಲ. ಇನ್ನೂ ಆಚೆಗೆ."

"ಅಲ್ಲೇ ಇದ್ದಿದ್ದು ಕಣಣ್ಣ" ಎಂದರು ಯಜಮಾನರು. ಅವರ ದನಿ ಆಗಲೇ ಬಿಗಿದಿತ್ತು.

"ಇಬ್ರೂ ಸುಮ್ನಿರ್ರೋ" ಎಂದರು ಅತ್ತೆ. "ಆ ಬದು ಮೇಲೆ ಹುಲ್ಲು ಕುಯ್ದೋಳು ನಾನು. ನೀವು ಕುಯ್ದಿದ್ರಾ?" ಬಳಪ ಹಿಡಿದು, ಇಬ್ಬರೂ ತೋರಿಸಿದ ಜಾಗ ಬಿಟ್ಟು, ನಡುವೆ ಒಂದು ಡೊಂಕು ಗೆರೆ ಎಳೆದರು. "ಇಲ್ಲಿ ಒಂದು ಕಲ್ಲಿತ್ತು, ಅದಕ್ಕೆ ಬದು ಸುತ್ತಾಕ್ಕೊಂಡು ಹೋಗ್ತಿತ್ತು."

ಇಬ್ಬರೂ ಆ ಡೊಂಕನ್ನು ನೋಡಿದರು. "ಹೌದು, ಕಲ್ಲಿತ್ತು" ಎಂದರು ಭಾವ ಮೆಲ್ಲಗೆ. "ಅದರ ಮೇಲಿಂದ ನೀನು ಬಿದ್ದು ಗದ್ದ ಒಡಕೊಂಡಿದ್ದೆ" ಎಂದು ತಮ್ಮನ ಕಡೆ ನೋಡಿದರು. ಯಜಮಾನರು ಗದ್ದ ಮುಟ್ಟಿಕೊಂಡರು. ನಾನು ಕಾಫಿ ಮಾಡಲು ಕೆಳಗೆ ಓಡಿದೆ. ಬರುವಷ್ಟರಲ್ಲಿ ಭಾವ ಹೇಳುತ್ತಿದ್ದರು, "ಮಣ್ಣಿನ ಬಣ್ಣ ಮಾತ್ರ ಇದಲ್ಲ."

ಮುಂದಿನ ವಾರ ಅವರು ಒಂದು ಪ್ಲಾಸ್ಟಿಕ್ ಕವರ್ ತಂದು ನನ್ನ ಕೈಗೆ ಕೊಟ್ಟರು. "ಹಿಂದಿನ ಬೀದೀಲಿ ಪಾಯ ತೆಗೀತಾ ಇದ್ರು. ಕೆಳಗಡೆ ಮಣ್ಣು. ನಮ್ದೇ ಹೊಲದ್ದು. ಬಣ್ಣಕ್ಕೆ ಬರುತ್ತೇನೋ ನೋಡಮ್ಮ." ಕವರಿನ ತುಂಬ ಕೆಮ್ಮಣ್ಣು.

ಜರಡಿ ಹಿಡಿದು, ಒರಳಿನಲ್ಲಿ ನುಣ್ಣಗೆ ಅರೆದು, ಮಣ್ಣು ಬಟ್ಟೆಗೆ ಹಿಡಿಯಲೆಂದು ನೆನೆಸಿದ ಸೋಯಾಕಾಳಿನ ಹಾಲಿನಲ್ಲಿ ಕಲಸಿ ಬಟ್ಟೆಗೆ ಬಳಿದೆ. ಮೊದಲ ತುಂಡು ಒಣಗಿದ ಮೇಲೆ ಪುಡಿಪುಡಿಯಾಗಿ ಉದುರಿತು. ಎರಡನೆಯದಕ್ಕೆ ತೆಳ್ಳಗೆ ಮೂರು ಸಲ ಬಳಿದು, ಪ್ರತಿ ಸಲವೂ ಬಿಸಿಲಲ್ಲಿ ಒಣಗಿಸಿ, ಎರಡು ವಾರ ಹಾಗೇ ಬಿಟ್ಟು ತೊಳೆದೆ. ನಿಂತಿತು. ಅಂಗಡಿಯ ಕಂದು ಬಟ್ಟೆ ತೆಗೆದು ಈ ಬಟ್ಟೆಯನ್ನು ಹಾಸಿದೆ. ಸಾಲುಗಳನ್ನು ಇಳಿಜಾರಿಗೆ ಅಡ್ಡವಾಗಿ, ನೆಲ ಬಾಗಿದ ಕಡೆ ಬಾಗಿಸಿ ಹೊಲಿದೆ. ಅವರೆಯ ಸಾಲೊಂದನ್ನು ಅತ್ತೆ ತಾವೇ ಹಾಕುತ್ತೇನೆಂದರು. ನಾನು ಸೂಜಿಗೆ ದಾರ ಪೋಣಿಸಿ ಕೊಟ್ಟೆ. ಅವರ ಹೊಲಿಗೆ ಒಂದು ಕಡೆ ಹತ್ತಿರ, ಒಂದು ಕಡೆ ದೂರ. ಬಿಚ್ಚಿ ಸರಿಮಾಡೋಣ ಎಂದು ಬೆರಳು ತುಡಿಯುತ್ತಿತ್ತು. ಮುಟ್ಟಲಿಲ್ಲ.

ಮಗಳು ಫೋಟೋ ತೆಗೆದು ಯಾರಿಗೋ ಕಳಿಸಿದ್ದಳು. ವಿಜಯನಗರದಲ್ಲಿ ಬಟ್ಟೆಯ ಕಲೆ ಮಾಡುವ ಹೆಂಗಸರ ಒಂದು ಗುಂಪು ಎರಡು ದಿನದ ಪ್ರದರ್ಶನ ಇಟ್ಟಿತ್ತು, ನಮ್ಮದನ್ನೂ ತರಲು ಹೇಳಿದರು. ಎಲ್ಲವುಗಳ ಕೆಳಗೂ ಮುಟ್ಟಬೇಡಿ ಎಂಬ ಚೀಟಿ. ಅತ್ತೆಗೆ ಒಂದು ಕುರ್ಚಿ ಹಾಕಿಸಿ ನಮ್ಮ ಹೊಲದ ಪಕ್ಕ ಕೂರಿಸಿದೆ. ಕಾಲೇಜಿನ ಹುಡುಗಿಯೊಬ್ಬಳು ಕೈ ಕಟ್ಟಿಕೊಂಡು ಬಗ್ಗಿ ನೋಡುತ್ತಿದ್ದಳು. "ಮುಟ್ಟಿ ನೋಡವ್ವ" ಎಂದರು ಅತ್ತೆ. "ಮಣ್ಣು ಅದು. ಏನೂ ಆಗಲ್ಲ." ಸಂಘಟಕರು ಒಮ್ಮೆ ನನ್ನತ್ತ ನೋಡಿ ಬೇರೆ ಕಡೆ ಹೋದರು. ಸಂಜೆಯ ಹೊತ್ತಿಗೆ ನಮ್ಮ ಬಟ್ಟೆಯ ಮುಂದೆಯೇ ಜನ ಹೆಚ್ಚಿದ್ದರು. ಇಸ್ತ್ರಿ ಮಾಡಿದ ಬಿಳಿ ಶರ್ಟ್ ಹಾಕಿ ಬಂದಿದ್ದ ಭಾವ, ಬಾವಿ ಎಲ್ಲಿತ್ತು ಎಂದು ಯಾರೋ ಗುರುತಿಲ್ಲದವರಿಗೆ ವಿವರಿಸುತ್ತಿದ್ದರು. ಆಮೇಲೆ ಅವರೂ ಯಜಮಾನರೂ ಕಾಫಿ ಕುಡಿದು ಬರುತ್ತೇವೆಂದು ಜೊತೆಯಲ್ಲಿ ಇಳಿದು ಹೋದರು. ಎಷ್ಟು ಹೊತ್ತಾದರೂ ಬರಲಿಲ್ಲ.

ನಾವಿಬ್ಬರೇ ಆಟೋ ಹಿಡಿದೆವು. ಮಾಗಡಿ ರಸ್ತೆಯಲ್ಲಿ ಟ್ರಾಫಿಕ್ ನಿಂತಿತ್ತು. ಅತ್ತೆ ಹೊರಗೆ ನೋಡುತ್ತಾ ಅಂದರು, "ಇನ್ನೊಂದ್ ಮಾಡಣ ಕಣೆ. ಕೆರೇದು."

"ಯಾವ ಕೆರೆ ಅತ್ತೆ?"

"ನಮ್ ತವರಿಂದು. ತಾವರೆ ಇರ್ತಿತ್ತು. ನೀಲಿ ಬಣ್ಣಕ್ಕೆ ಏನ್ ಮಾಡ್ತೀಯ?"

"ನೀಲಿ ಕಷ್ಟ. ಶಂಖಪುಷ್ಪ ಹಾಕಿದ್ರೆ ಬರುತ್ತೆ, ಆದ್ರೆ ನಿಲ್ಲಲ್ವಂತೆ."

"ನಿಲ್ಲಂಗೆ ಮಾಡಣ ಬುಡು" ಎಂದು ಅವರು ಸೆರಗನ್ನು ಕಿವಿಗೆ ಹೊದ್ದುಕೊಂಡರು. ಗಾಳಿ ತಣ್ಣಗಿತ್ತು. ಮುಂದಿನ ಬಸ್ಸು ಸ್ವಲ್ಪ ಸರಿಯಿತು, ನಮ್ಮ ಆಟೋ ಅದರ ಹಿಂದೆ ಹೊರಟಿತು.