ಮೌನೇಶಪ್ಪ ಕಾಕಾನ ಹಾಜರಿ

ಕೊರಳಲ್ಲಿ ಅಳತೆಯ ಟೇಪು ಹಾಕಿಕೊಂಡು ಓಡುವ ಮನುಷ್ಯನನ್ನು ಮಸ್ಕಿ ಬಿಟ್ಟರೆ ನಾನು ಬೇರೆಲ್ಲೂ ಕಂಡಿಲ್ಲ. ಟೇಪು ಕೊರಳಲ್ಲಿದೆ ಎಂಬ ನೆನಪೇ ಟೇಲರ್ ಮೌನೇಶಪ್ಪನವರಿಗೆ ಇರುತ್ತಿರಲಿಲ್ಲ. ಮೊಣಕಾಲ ತನಕ ಮಡಚಿದ ಪೈಜಾಮ, ಕ್ಯಾನ್ವಾಸ್ ಬೂಟು, ಐವತ್ತು ದಾಟಿದ ವಯಸ್ಸು. ಹೆಸರಿನಲ್ಲಷ್ಟೇ ಮೌನ; ಅವರು ದನಿ ತೆಗೆದರೆ ಗುಡ್ಡದ ಮೇಲಿನ ಕೋತಿಗಳೂ ಎದ್ದು ಕೂರುತ್ತಿದ್ದವು.

ಸಕ್ಕರೆ ಕಾಯಿಲೆ ಬಂತೆಂದು ಡಾಕ್ಟರು ದಿನಾ ಓಡಾಡಲು ಹೇಳಿದ್ದರಂತೆ. ಕಾಕಾ ಅದನ್ನು ಓಡಲು ಎಂದು ಕೇಳಿಸಿಕೊಂಡರು. ಹೊಸದಾಗಿ ಮಾಸ್ತರಿಕೆಗೆ ಬಂದು ಅವರ ಅಂಗಡಿ ಪಕ್ಕ ಖೋಲಿ ಹಿಡಿದಿದ್ದ ನನ್ನನ್ನೂ ಎಬ್ಬಿಸಿ ಹೊರಡಿಸಿದರು. ಎಂಬತ್ತರ ದಶಕ ಮುಗಿಯುವ ಹೊತ್ತಿಗೆ ನಾವು ಆರು ಮಂದಿಯಾಗಿದ್ದೆವು.

"ಸುಮ್ನ ಓಡಿದ್ರ ನಾಯಿ ಬೆನ್ನ ಹತ್ತತಾವ ಮಾಸ್ತರ. ಏನರ ಕೆಲಸ ಇಟಗೊಂಡು ಓಡಬೇಕು" ಎನ್ನುತ್ತಿದ್ದರು. ಆ ಕೆಲಸವೇ ಹಾಜರಿ. ಒಂಟಿಯಾಗಿದ್ದ ಮುದುಕ ಮುದುಕಿಯರ ಬಾಗಿಲ ಮುಂದೆ ನಿಂತು "ಹಾಜರ್?" ಎಂದು ಕೂಗಬೇಕು. ಒಳಗಿನಿಂದ "ಹಾಜರ್ ಅದೀನಪ್ಪೋ" ಎಂದು ಬಂದರೆ ಬೋರಿಂಗಿನಿಂದ ಒಂದು ಕೊಡ ನೀರು ತಂದಿಟ್ಟು ಮುಂದಿನ ಮನೆಗೆ ಓಡಬೇಕು. ದನಿ ಬರದಿದ್ದರೆ ಒಳಗೆ ನುಗ್ಗಬೇಕು.

ಒಮ್ಮೆ ಹನುಮವ್ವನ ಮನೆಯಿಂದ ದನಿ ಬರಲಿಲ್ಲ. ಕಾಕಾ ಹೆಗಲು ಕೊಟ್ಟು ಚಿಲಕ ಮುರಿದರು. ಮುದುಕಿ ಬಾಯಿ ತುಂಬ ಎಲೆ-ಅಡಿಕೆ ಹಾಕಿಕೊಂಡು ಆರಾಮಾಗಿ ಕೂತಿದ್ದಳು! ಉಗುಳಿ ಬಂದವಳೇ, "ಎಲಿ ಉಗುಳೋ ತನಕ ತಡಿಯಾಕ ಆಗಲಿಲ್ಲೇನೋ ನಿನಗ?" ಎಂದು ಅವರ ಹಿಂದಿನ ತಲೆಮಾರುಗಳನ್ನೆಲ್ಲ ಎಳೆದು ತಂದಳು. ನಾವು ನಕ್ಕು ನಕ್ಕು ಸುಸ್ತಾದೆವು. ಕಾಕಾ ನಗಲಿಲ್ಲ. "ನೂರು ಸಲ ಚಿಲಕ ಮುರದ್ರೂ ಚಿಂತಿಲ್ಲ, ಒಂದ್ಸಲ ಸುಮ್ನ ಮುಂದ ಹೋಗಬಾರ್ದು" ಎಂದು ಸಂಜೆ ತಾವೇ ಹೊಸ ಚಿಲಕ ಬಡಿದು ಬಂದರು.

ಇನ್ನೊಮ್ಮೆ ಕಾಕಾನೇ ಓಡಲು ಬರಲಿಲ್ಲ. ನಾವು ಬೋರಿಂಗಿನ ಹತ್ತಿರ ಹರಟೆ ಹೊಡೆದು ಮನೆಗೆ ಹೋದೆವು. ಅವರು ಮನೆಯೊಳಗೆ ಬಾಗಿಲ ಸಂದಿಯಿಂದ ನಮ್ಮನ್ನೇ ನೋಡುತ್ತಿದ್ದರಂತೆ. ಆವತ್ತು ಒಬ್ಬರೇ ಎಲ್ಲ ಮನೆಗೂ ಓಡಿ, ಮಧ್ಯಾಹ್ನ ಅಂಗಡಿ ತೆರೆದರು. ಮರುದಿನ ಹೇಳಿದರು: "ನಾ ಬರದಿದ್ರ ನಿಲ್ಲೋದಾದ್ರ ಇದು ನನ್ನ ಓಟ ಆತು, ಊರಿಂದಲ್ಲ. ಇನ್ಮ್ಯಾಲೆ ನನ್ನ ಕಾಯಬ್ಯಾಡ್ರಿ, ಕರಿಯಾಕೂ ಬರಬ್ಯಾಡ್ರಿ." ಅಲ್ಲಿಂದ ಆಗಾಗ ಬೇಕೆಂದೇ ತಪ್ಪಿಸಿಕೊಂಡು ನಮ್ಮನ್ನು ಪರೀಕ್ಷೆ ಮಾಡುತ್ತಿದ್ದರು. ನಾವೂ ಹಟಕ್ಕೆ ಬಿದ್ದು ಓಡುತ್ತಿದ್ದೆವು.

ಹೆಂಡತಿ ತೀರಿಕೊಂಡು, ಒಬ್ಬಳೇ ಮಗಳು ಶರಣಮ್ಮನನ್ನು ಸಿಂಧನೂರಿಗೆ ಕೊಟ್ಟ ಮೇಲೆ ಕಾಕಾನೂ ಒಂಟಿಯೇ. ಆದರೆ ಅವರ ಮನೆ ನಮ್ಮ ಹಾಜರಿಯಲ್ಲಿರಲಿಲ್ಲ. ಅದು ನಮಗೆ ಹೊಳೆದೇ ಇರಲಿಲ್ಲ.

ಆ ಮುಂಜಾನೆ ಅವರು ಬರಲಿಲ್ಲ. ಬಾಗಿಲು ಮುಚ್ಚಿತ್ತು. ಹೋಗುವಾಗೊಮ್ಮೆ, ಬರುವಾಗೊಮ್ಮೆ ಅದರ ಮುಂದೆಯೇ ಓಡಿದೆವು. ಕಾಕಾನಿಗೆ ಕೇಳಲೆಂದು ನಾನು ಗಟ್ಟಿಯಾಗಿ, "ಜೋರ್ ಓಡ್ರಪ್ಪೋ, ಒಳಗ ಕುಂತು ನೋಡಾಕತ್ತಾರ!" ಎಂದೆ. ಎಲ್ಲರೂ ನಕ್ಕರು. ಎಲ್ಲ ಮನೆಗೂ ನೀರಿಟ್ಟು ಬಂದೆವು.

ಹತ್ತು ಗಂಟೆಗೆ ಶಾಲೆಗೆ ಹೊರಟಾಗಲೂ ಅಂಗಡಿ ತೆರೆದಿರಲಿಲ್ಲ. ಸಿಕ್ಕವರನ್ನು ಕರೆದುಕೊಂಡು ಅವರ ಮನೆಗೆ ಓಡಿ ಹೋಗಿ ಬಾಗಿಲು ಮುರಿದೆವು. ಹೊಸ್ತಿಲಿಗೆ ಎರಡು ಮೊಳ ದೂರದಲ್ಲಿ, ಬಾಗಿಲ ಕಡೆಗೇ ಮುಖ ಮಾಡಿ ಬಿದ್ದಿದ್ದರು. ಬಲಗೈ, ಬಲಗಾಲು, ಮಾತು, ಮೂರೂ ಹೋಗಿದ್ದವು. ಲಿಂಗಸುಗೂರಿನ ದವಾಖಾನೆಗೆ ಒಯ್ದರೆ ಡಾಕ್ಟರು, "ನಸುಕಿನ್ಯಾಗ ತಂದಿದ್ರ ಏನರ ಮಾಡಬೌದಿತ್ತು" ಎಂದರು.

ಮೂರನೆಯ ದಿನ ಅವರ ಮಂಚದ ಪಕ್ಕ ಕೂತಿದ್ದೆ. ಶರಣಮ್ಮ ಕೇಳಿದಳು: "ಅಣ್ಣಾ, ದಿನಾ ಮನಿ ಮುಂದನ ಓಡ್ತಿದ್ರಲ್ರೀ. ಅವತ್ತ ಓಡಿರಲಿಲ್ಲೇನ್ರಿ?"

"ಇಲ್ಲವಾ ತಂಗಿ," ಎಂದೆ. "ಅವತ್ತ ಯಾರೂ ಓಡಾಕ ಬಂದಿದ್ದಿಲ್ಲ."

ಕಾಕಾ ಕಣ್ಣು ತೆರೆದು ನನ್ನನ್ನು ನೋಡಿದರು. ಆಮೇಲೆ ಮುಖವನ್ನು ಗೋಡೆಯ ಕಡೆ ತಿರುಗಿಸಿದರು.

ಆವತ್ತು ಬಿದ್ದಲ್ಲಿಂದ ನಮ್ಮ ನಗು ಅವರಿಗೆ ಕೇಳಿಸಿತ್ತೇ? ಕೇಳಿಸಿದ್ದರೆ ನಾನು ಸುಳ್ಳುಗಾರನೆಂದು ಗೊತ್ತಾಗಿತ್ತು. ಕೇಳಿಸಿರದಿದ್ದರೆ, ತಾವಿಲ್ಲದ ದಿನ ಮುದುಕರನ್ನೆಲ್ಲ ನಾವು ಕೈಬಿಟ್ಟೆವೆಂದು ನಂಬಿದ್ದರು. ಯಾವುದನ್ನು ನೆನೆದರೂ ನನಗೆ ಸಮಾಧಾನವಿಲ್ಲ.

ಮರುದಿನ ಮೊದಲ ಬಸ್ಸು ಹಿಡಿದು ಹೋದೆ. ಓಡಿದ್ವಿ ಕಾಕಾ, ಒಂದು ಮನಿ ಬಿಟ್ಟು ಎಲ್ಲಾ ಮನಿ ನೋಡಿದ್ವಿ ಎಂದು ಕಿವಿಯಲ್ಲಿ ಹೇಳಬೇಕಿತ್ತು. ಶರಣಮ್ಮ ವಾರ್ಡಿನ ಹೊರಗೆ ಅವರ ಹಾಸಿಗೆ ಸುತ್ತುತ್ತಿದ್ದಳು. "ನಸುಕಿನ್ಯಾಗ ಅಪ್ಪ ಹೋಗಿಬಿಟ್ಟ ಅಣ್ಣಾ" ಎಂದಳು.

ಅವಳಿಗಾದರೂ ನಿಜ ಹೇಳಬೇಕಿತ್ತು. ಹಾಸಿಗೆಯ ಇನ್ನೊಂದು ತುದಿ ಹಿಡಿದು ಸುತ್ತಿಕೊಟ್ಟೆ.