ಸಾವ್ಕಾರನನ್ನು ನೋಡಲು ಬಂದ ಆಯಿ

ಹಳೆಯ ಬಯೋಡಾಟಾ ಕಾಗದಗಳನ್ನು ರದ್ದಿಗೆ ಹಾಕೋಣವೆಂದು ನಿನ್ನೆ ಟೇಬಲ್ಲಿನ ಕೆಳಗಿನ ಖಾನೆ ಎಳೆದೆ. ಮೂಲೆಯಲ್ಲಿ ಸಿಕ್ಕಿಕೊಂಡಿದ್ದ ತಗಡಿನ ಡಬ್ಬಿಯೊಂದು ಉರುಳಿ, ಮುಚ್ಚಳ ಕಳಚಿ, ಕಾಗದಗಳ ಮೇಲೆಲ್ಲ ಬೂದಿ ಚೆಲ್ಲಿತು. ಸಣ್ಣಗೆ ಸೋಸಿದ ಕುಳ್ಳಿನ ಬೂದಿ. ಅದಕ್ಕೆ ಇನ್ನೂ ಒಲೆಯ ವಾಸನೆ ಇತ್ತು... ಎದ್ದು ಒರೆಸಬೇಕಿತ್ತು. ಯಾಕೋ ಏಳಲು ಮನಸ್ಸಾಗದೆ ಹಾಗೇ ಕೂತುಬಿಟ್ಟೆ.

ಅದು ಆಯಿಯ ಡಬ್ಬಿ. ಆಯಿ ಎಂದರೆ ನನ್ನ ಸ್ವಂತ ಅಜ್ಜಿಯಲ್ಲ, ಬನಹಟ್ಟಿಯಲ್ಲಿ ನಮ್ಮ ಹಿಂದಿನ ಓಣಿಯವಳು. ಮಗ್ಗದ ಮೇಲಿನ ನೂಲು ತೀರಿದಾಗ ಹಳೆಯ ಎಳೆಗಳ ತುದಿಗೆ ಹೊಸ ಎಳೆಗಳನ್ನು ಕೆಚ್ಚುವುದು ಅವಳ ಕೆಲಸ. ಬೆರಳಿಗೆ ಚೂರು ಬೂದಿ ಮುಟ್ಟಿಸಿಕೊಂಡು ಎರಡು ತುದಿ ಹಿಡಿದು ಹೊಸೆದರೆ ಮುಗಿಯಿತು, ಜಪ್ಪಯ್ಯ ಅಂದರೂ ಬಿಚ್ಚುತ್ತಿರಲಿಲ್ಲ. ಒಂದು ಮಗ್ಗಕ್ಕೆ ಸಾವಿರಾರು ಎಳೆ. ಊರಿನ ಒಂದೊಂದು ಶೆಡ್ಡಿನಲ್ಲೂ ದಿನಗಟ್ಟಲೆ ಕೂತವಳು ಆಕೆ. ಯಾವ ನೇಕಾರನ ಕೈ ಚಲೋ, ಯಾರು ಯಾರ ಜೊತೆ ಮಾತು ಬಿಟ್ಟಿದ್ದಾರೆ, ಯಾರು ಯಾವ ಸಾವ್ಕಾರನಿಗೆ ಬೇಸತ್ತಿದ್ದಾರೆ ಎಂಬುದೆಲ್ಲ ಆಕೆಗೆ ಗೊತ್ತಿತ್ತು.

ನಾನು ಆಗಷ್ಟೇ ಹನ್ನೆರಡು ಪವರ್‌ಲೂಮ್ ಹಾಕಿ, ಮುಂದೆ ಕಂಪನಿ ಎಂದು ಬೋರ್ಡು ಬರೆಸಿದ್ದೆ. ಮಗ್ಗ ಬಂದವು, ಜನ ಬರಲಿಲ್ಲ. ಕೈ ಕುಳಿತ ನೇಕಾರರೆಲ್ಲ ಇಚಲಕರಂಜಿಯ ದೊಡ್ಡ ಕಾರ್ಖಾನೆಗಳ ಕಡೆ ಮುಖ ಮಾಡಿದ್ದರು. ಪೇಪರಿನಲ್ಲಿ ಜಾಹೀರಾತು ಕೊಟ್ಟೆ. ಬಂದವರಲ್ಲಿ ಒಬ್ಬ ಮಹಾಶಯ ಲಾಳಿ ಯಾವ ಕಡೆಯಿಂದ ಹಾಕಬೇಕೆಂದು ನನ್ನನ್ನೇ ಕೇಳಿದ. ಜಮಖಂಡಿಯ ಏಜೆಂಟನೊಬ್ಬ ತಲೆಗೊಂದು ತಿಂಗಳ ಪಗಾರ ತನಗೆ ಕೊಡಬೇಕೆಂದ. ಅಷ್ಟು ತಾಕತ್ತಿದ್ದರೆ ನಾನ್ಯಾಕೆ ಹನ್ನೆರಡು ಮಗ್ಗಕ್ಕೇ ನಿಲ್ಲುತ್ತಿದ್ದೆ? ದೀಪಾವಳಿಯ ಸೀರೆಗಳ ಆರ್ಡರ್ ಒಪ್ಪಿಕೊಂಡಾಗಿತ್ತು. ಎಂಟು ಮಗ್ಗ ಸುಮ್ಮನೆ ನಿಂತಿದ್ದವು. ಆರ್ಡರ್ ತಪ್ಪಿದರೆ ಮೊದಲ ವರ್ಷವೇ ಬೀಗ ಜಡಿಯಬೇಕು ಎಂಬ ಹೆದರಿಕೆಗೆ ಊಟ ಸೇರುತ್ತಿರಲಿಲ್ಲ.

ಆಯಿಗೆ ಹೇಳಿದೆ. ಮರುದಿನ ಆಕೆ ಡಬ್ಬಿ ಬಿಟ್ಟು, ಇಸ್ತ್ರಿ ಮಾಡಿದ ಇಳಕಲ್ ಸೀರೆ ಉಟ್ಟು ಬಂದಳು.

"ಜನಾ ತೋರಸ್ತೇನಿ. ಅದಕ್ಕ ಮೊದಲ ನಿನ್ನ ನೋಡಬೇಕಲಾ ತಮ್ಮಾ."

ಹೆಣ್ಣು ನೋಡಲು ಬಂದ ಬೀಗಿತ್ತಿಯ ಹಾಗೆ ಶೆಡ್ಡೆಲ್ಲ ತಿರುಗಿದಳು. ಕುಡಿಯುವ ನೀರಿನ ಕೊಡ ಬಗ್ಗಿಸಿ ನೋಡಿದಳು, ಫ್ಯಾನ್ ಎಲ್ಲಿಯವರೆಗೆ ಬೀಸುತ್ತದೆಂದು ನಿಂತು ನೋಡಿದಳು. ನಾನು ಮದುವೆಗೆ ನಿಂತ ಹುಡುಗಿಯ ಹಾಗೆ ಚಹಾದ ಕಪ್ಪು ಹಿಡಿದು ಹಿಂದೆ ಹಿಂದೆ.

"ಹೆಣ್ಮಕ್ಕಳು ಹೊರಗ ಹೋಗಬೇಕಂದ್ರ ಎಲ್ಲಿ ಹೋಗಬೇಕೋ?"

ಹಿಂದಿನ ಬಯಲು ತೋರಿಸಿದೆ.

"ನಿನ್ನ ಹೇಂತಿ ಹೋಗ್ತಾಳೇನು ಅಲ್ಲಿ?"

ಮೈಯೆಲ್ಲ ಉರಿಯಿತು. ಜನ ಹುಡುಕಿಕೊಡು ಅಂದರೆ ನನ್ನ ಹೆಂಡತಿಯ ಸುದ್ದಿ ಯಾಕೆ ಈ ಮುದುಕಿಗೆ? ಆದರೂ ಗರಜು ನನ್ನದು. ಎಂಟೇ ದಿನದಲ್ಲಿ ಶೆಡ್ಡಿನ ಪಕ್ಕ ಶೌಚಾಲಯ ಕಟ್ಟಿಸಿದೆ. ಆಯಿ ಬಂದು ಬಾಗಿಲು ಹಾಕಿ ತೆಗೆದು, ಒಳಗಿನ ಚಿಲಕ ನೋಡಿ, "ಪಾಸಾದಿ ಬಿಡು" ಎಂದಳು.

ಆಮೇಲೆ ನೇಕಾರರನ್ನು ಕರೆತಂದಳು. ಸರ್ಟಿಫಿಕೇಟು ಗಿರ್ಟಿಫಿಕೇಟು ಏನೂ ಇಲ್ಲ. ನಡೆಯುತ್ತಿದ್ದ ನಾಲ್ಕು ಮಗ್ಗಗಳನ್ನು ಹಚ್ಚಿಸಿ, ಶೆಡ್ಡಿನ ಬಾಗಿಲು ಹಾಕಿಸಿ, ಬಂದವನನ್ನು ಹೊರಗೇ ನಿಲ್ಲಿಸುತ್ತಿದ್ದಳು. "ಒಳಗ ಯಾವ ಮಗ್ಗಾ ಹಟಾ ಮಾಡಾಕತ್ತೈತಿ, ಹೇಳಪಾ." ಕೆಲಸ ಬಾರದವನು ನಮ್ಮಿಬ್ಬರ ಮುಖ ನೋಡುತ್ತಿದ್ದ. ಬಲ್ಲವನು ಕಣ್ಣು ಮುಚ್ಚಿ, ಸ್ವಲ್ಪ ಹೊತ್ತು ಕೇಳಿ, "ಗ್ವಾಡಿ ಕಡೆ ಮಗ್ಗಾರಿ, ಇನ್ನೊಂದೀಟ ಹೊತ್ತಿಗೆ ಎಳಿ ಹರೀತಾವ" ಎನ್ನುತ್ತಿದ್ದ. ನಿಜವಾಗಿಯೂ ಹರಿಯುತ್ತಿದ್ದವು! ಹೀಗೆ ಬಂದ ನೇಕಾರರು ದೀಪಾವಳಿಯ ಆರ್ಡರ್ ಮುಗಿಸಿಕೊಟ್ಟರು, ನಾನು ಉಳಿದುಕೊಂಡೆ. ಎಷ್ಟೋ ವರ್ಷ ನನ್ನ ಕಂಪನಿಗೆ ಜನ ಬಂದದ್ದೆಲ್ಲ ಆಯಿಯ ಕೈಯಿಂದಲೇ. ದುಡ್ಡು ಕೊಡಲು ಹೋದರೆ ಬೈಯುತ್ತಿದ್ದಳು. ಒಂದು ಕಪ್ ಚಹಾ, ಎರಡು ವೀಳ್ಯದೆಲೆ, ಅಷ್ಟೇ.

ಮುಂದೆ ಎಳೆ ಕೂಡಿಸುವ ಮಷಿನ್ ಬಂತು. ಆಯಿಯ ಕಣ್ಣುಗಳೂ ಮಂಜಾಗುತ್ತ ಬಂದಿದ್ದವು. ಒಂದೊಂದಾಗಿ ಎಲ್ಲ ಶೆಡ್ಡಿನವರೂ ಆಕೆಯನ್ನು ಕೆಚ್ಚಲು ಕರೆಯುವುದು ಬಿಟ್ಟರು. ನಾನೂ ಬಿಟ್ಟೆ. ಬಾಡಿಗೆ ಮಷಿನ್ ಅರ್ಧ ದಿನದಲ್ಲಿ ಮುಗಿಸುತ್ತಿರುವಾಗ ಮತ್ತೇನು ಮಾಡಲಿ...

ಒಂದು ಮಧ್ಯಾಹ್ನ ಬಂದು ನನ್ನೆದುರು ಕೂತಳು. ಡಬ್ಬಿ ಟೇಬಲ್ಲಿನ ಮೇಲಿಟ್ಟಳು.

"ತಮ್ಮಾ, ಲಾಳ್ಯಾಗಿನ ಕಂಡಿಕಿಗೆ ನೂಲು ಸುತ್ತಾಕ ಒಬ್ಬಾಕಿ ಅದಾಳ. ಇಟಗೊತಿಯೇನು?"

"ವಯಸ್ಸೆಷ್ಟು ಆಯಿ?"

"ಆಗೇತಿ. ಕೈ ಗಟ್ಟಿ ಅದಾವ. ಮನ್ಯಾಗ ಸುಮ್ಮ ಕುಂತ್ರ ಜೀವಾ ನಿಲ್ಲವಲ್ದು ಆಕಿಗೆ."

"ಕಣ್ಣು ಕಾಣತಾವೇನು?"

ಆಯಿ ಡಬ್ಬಿಯ ಮುಚ್ಚಳ ಒತ್ತಿ ಕೂರಿಸಿದಳು. "ಕಾಣೂವಷ್ಟು ಕಾಣತಾವ."

"ಬ್ಯಾಡ ಬಿಡು ಆಯಿ. ಸಣ್ಣ ವಯಸ್ಸಿನವರಿದ್ರ ಕಳಸು."

"ಹೌದಪಾ, ಅದೂ ಖರೆ," ಎಂದಳು. ಚಹಾ ಪೂರಾ ಕುಡಿದು, ಕಪ್ಪು ತಾನೇ ತೊಳೆದಿಟ್ಟು ಹೋದಳು. ಡಬ್ಬಿ ಅಲ್ಲೇ ಉಳಿಯಿತು. ಕಳುಹಿಸಿಕೊಡೋಣವೆಂದು ಖಾನೆಗೆ ಹಾಕಿದೆ, ಕಳುಹಿಸಲಿಲ್ಲ.

ಆ ‘ಒಬ್ಬಾಕಿ’ ಯಾರೆಂದು ನನಗೆ ಹೊಳೆಯಲಿಲ್ಲ ಎಂದು ನನಗೆ ನಾನೇ ಹೇಳಿಕೊಳ್ಳುತ್ತ ಬಂದಿದ್ದೇನೆ. ಸುಳ್ಳು. ಕಣ್ಣಿನ ಮಾತು ಕೇಳಿದಾಗಲೇ ಹೊಳೆದಿತ್ತು. ಬೇರೆ ಯಾರದೋ ಮಾತೆಂಬಂತೆ ಆಯಿ ತನಗಾಗಿ ಕೇಳಿದ್ದರಿಂದ ನನಗೆ ಇಲ್ಲ ಎನ್ನುವುದು ಸಲೀಸಾಯಿತು. ಎದುರಿಗೆ ಕೂತವಳ ಮುಖ ನೋಡಿಯೇ ಅಂದೆ. ನಾಚಿಕೆಯಾಗುತ್ತದೆ.

ಆ ಬೇಸಿಗೆಯಲ್ಲಿ ಆಯಿ ಮಗಳ ಮನೆಗೆಂದು ಬೀಳಗಿಗೆ ಹೋದಳು. ವರ್ಷ ತುಂಬುವುದರೊಳಗೆ ಸುದ್ದಿ ಬಂತು. ಮಣ್ಣಿಗೆ ಹೋಗಿ ಬಸ್ಸಿನಲ್ಲಿ ವಾಪಸು ಬರುವಾಗ ಪಕ್ಕದಲ್ಲಿ, ಆಕೆ ಮೊದಲ ಸಲ ಕರೆತಂದಿದ್ದ ನೇಕಾರ ಕೂತಿದ್ದ. ಜಮಖಂಡಿ ದಾಟಿದ ಮೇಲೆ ಅವನು ನನ್ನ ಕಡೆ ತಿರುಗಿದ.

"ಮಷಿನ್ ಬಂದ ಮ್ಯಾಲೆ ಇಬ್ಬರು ಸಾವ್ಕಾರ್ರು ತಾವಾಗೇ ಕರದಿದ್ರರೀ ಆಯಿನ್ನ, ಕುಂತಲ್ಲೇ ಸಣ್ಣ ಕೆಲಸಾ ಕೊಡ್ತೀವಿ ಬಾ ಅಂತ," ಎಂದ. "ಹೋಗಲಿಲ್ಲ. ಊರಾಗಿನ ಎಲ್ಲಾ ಶೆಡ್ ನೋಡೇನಿ, ನಾ ದುಡದ್ರ ಆ ತಮ್ಮನ ಕಡೇನ ದುಡ್ಯಾಕಿ ಅಂತಿದ್ಲು. ನಿಮ್ಮನ್ನ ಕೇಳೇ ಇಲ್ಲೇನ್ರಿ?"

"ಇಲ್ಲ," ಎಂದೆ.

ಅವನೂ ಈಗ ನನ್ನ ಹತ್ತಿರ ಇಲ್ಲ, ಮಗನ ಜೊತೆ ಇಚಲಕರಂಜಿ ಸೇರಿದ. ಐದು ಮಗ್ಗ ನಿಂತು ಎರಡು ತಿಂಗಳಾಯಿತು. ಮೊಬೈಲಿನ ಗುಂಪುಗಳಲ್ಲಿ ‘ನುರಿತ ಕೆಲಸಗಾರರು ಬೇಕಾಗಿದ್ದಾರೆ’ ಎಂದು ವಾರಕ್ಕೊಮ್ಮೆ ಹಾಕುತ್ತೇನೆ. ಫೋನು ಮಾಡಿದವರು ಪಗಾರ ಕೇಳಿ ಇಡುತ್ತಾರೆ. ಕೆಲಸ ಬಲ್ಲವರು ಸಿಗುವುದಿಲ್ಲ ಎಂದು ಸಿಕ್ಕಸಿಕ್ಕವರ ಮುಂದೆ ಗೋಳು ಹೇಳುತ್ತೇನೆ, ಎಲ್ಲರೂ ಹೌದೆಂದು ತಲೆಯಾಡಿಸುತ್ತಾರೆ. ಊರಿನ ಎಲ್ಲ ಶೆಡ್ಡುಗಳಲ್ಲಿ ನನ್ನದನ್ನೇ ಆರಿಸಿಕೊಂಡು, ಕೆಲಸ ಬಲ್ಲ ಒಬ್ಬಾಕಿ ತಾನಾಗಿಯೇ ಬಂದು ಎದುರಿಗೆ ಕೂತಿದ್ದಳು ಎಂದು ಮಾತ್ರ ಯಾರಿಗೂ ಹೇಳಿಲ್ಲ.