ನಮ್ಮ ಗೋಡೆಗೆ ದಾಟಿ ಬಂದ ಅಂಕಿ

ಬೆಳಿಗ್ಗೆ ಬಾಗಿಲು ತೆರೆದರೆ ಪಕ್ಕದ ಮನೆಯ ವಾರಿಜಕ್ಕ ಸೀಮೆಸುಣ್ಣ ಹಿಡಿದು ನಮ್ಮ ಗೋಡೆಯ ಮೇಲೆ ಅಂಕಿ ಬರೆಯುತ್ತಿದ್ದರು. ಆಚೆ ಅವರ ಗೋಡೆ ಆಗಷ್ಟೇ ತೊಳೆದು ಒದ್ದೆಯಾಗಿತ್ತು.

ಎಪ್ಪತ್ತರ ದಶಕದ ಕೊನೆ, ನಾವಿದ್ದದ್ದು ಕೊಟ್ಟಾರದಲ್ಲಿ. ಮಲೇರಿಯಾದವರು ರಕ್ತ ಪರೀಕ್ಷೆಗೆ ಬಂದರೆ ಗೋಡೆಗೆ ಅಂಕಿ ಬರೆದು ಹೋಗುತ್ತಿದ್ದರು. ಹೊಸ ಸೇತುವೆಯ ಕಂಬ ನಿಲ್ಲಲು ಮಗುವಿನ ತಲೆ ಬೇಕಂತೆ, ಅಂಕಿ ಇರುವ ಮನೆಯಿಂದಲೇ ಮಗುವನ್ನು ಒಯ್ಯುತ್ತಾರಂತೆ ಎಂಬ ಸುದ್ದಿ ಆ ವಾರ ಹಬ್ಬಿತ್ತು. ಮಲೇರಿಯಾದವರು ಬಂದ ದಿನ ನಮ್ಮ ಮನೆಗೆ ಬೀಗ ಹಾಕಿತ್ತು. ಹಾಗಾಗಿ ನಮ್ಮ ಗೋಡೆಯ ಮೇಲೆ ಅಂಕಿ ಇರಲಿಲ್ಲ.

"ಎಂತ ವಾರಿಜಕ್ಕ ಇದು?" ಎಂದೆ.

ಅವರ ಕೈಯಿಂದ ಸೀಮೆಸುಣ್ಣ ಜಾರಿತು. ಅಳುತ್ತಲೇ ಹೇಳಿದರು: "ಅಳಿಸಿದರೆ ಸಾಲದಂತೆ ಟೀಚರೇ, ಬೇರೆ ಮನೆಗೆ ದಾಟಿಸಬೇಕಂತೆ. ನನಗಿರುವುದು ಒಬ್ಬನೇ ಮಗ. ನಿಮಗೆ ಮೂವರು ಉಂಟಲ್ಲ!"

ಆ ಸುದ್ದಿಯನ್ನು ನಾನು ಒಂದು ಕ್ಷಣವೂ ನಂಬಿರಲಿಲ್ಲ. ಆದರೆ ವಾರಿಜಕ್ಕ ನಂಬಿದ್ದರು, ನಂಬಿಯೇ ಬರೆದಿದ್ದರು. ನಾನು ಬಲ್ಮಠದ ಶಾಲೆಗೆ ಹೋದ ಮೇಲೆ ನನ್ನ ಕಿರಿಯವಳಿಗೆ ದಿನವೂ ಗಂಜಿ ಉಣ್ಣಿಸುತ್ತಿದ್ದವರು ಅವರೇ. ಅವರ ದನಿ ಕೇಳಿ ಮಗು ಎಂದಿನಂತೆ ಓಡಿಬಂದು, ಎತ್ತಿಕೋ ಎಂದು ಅವರತ್ತ ಕೈ ಚಾಚಿತು. ಅವರು ಬಗ್ಗುವ ಮೊದಲೇ ನಾನು ಮಗುವನ್ನು ಎತ್ತಿಕೊಂಡೆ.

ಅಂಕಿ ಒಂದು ಚೊಂಬು ನೀರಿಗೆ ಹೋಯಿತು. ಮರುದಿನದಿಂದ ಮಗುವನ್ನು ನನ್ನ ಜೊತೆಗೇ ಶಾಲೆಗೆ ಕರೆದೊಯ್ದೆ. ಗಂಜಿಯ ಬಟ್ಟಲು ಹಿಡಿದು ಬಾಗಿಲಲ್ಲಿ ನಿಂತಿದ್ದ ವಾರಿಜಕ್ಕನ ಮುಖ ನೋಡುವ ಧೈರ್ಯ ನನಗೆ ಬರಲಿಲ್ಲ.